ಹಕೀಮ್ ಸಾಹೇಬರು ಕೇಳಿದ ಪ್ರಶ್ನೆ

ನನ್ನ ಅಬ್ಬಾ ಟ್ಯಾಕ್ಸಿ ಓಡಿಸುತ್ತಾರೆ. ಬೈಂದೂರಿನ ಮೂಕಾಂಬಿಕಾ ರೋಡ್ ನಿಲ್ದಾಣದಲ್ಲಿ ರೈಲು ಇಳಿಯುವ ಯಾತ್ರಿಕರನ್ನು ಕೊಲ್ಲೂರಿಗೆ ಕರೆದುಕೊಂಡು ಹೋಗಿ, ಪೂಜೆ ಮುಗಿದ ಮೇಲೆ ತಿರುಗಿ ನಿಲ್ದಾಣಕ್ಕೆ ಬಿಡುವುದು ಅವರ ಕೆಲಸ. ಹೆಚ್ಚಿನವರು ಕೇರಳದವರು. ರಾತ್ರಿ ಪೂಜೆಯ ನಂತರ ಕೊಡುವ ಕಷಾಯ ಕುಡಿದೇ ಹೊರಡುತ್ತೇವೆ ಎಂದು ಕೆಲವರು ಗಾಡಿ ಹತ್ತುವಾಗಲೇ ಹೇಳಿಬಿಡುತ್ತಾರೆ. ಆಗ ಅಬ್ಬಾ ಗಾಡಿಯಲ್ಲೇ ಕಾಯುತ್ತಾರೆ. ಆದಿ ಶಂಕರಾಚಾರ್ಯರು ಇಲ್ಲಿ ಕಾಯಿಲೆ ಬಿದ್ದಾಗ ದೇವಿಯೇ ಕಷಾಯ ಮಾಡಿಕೊಟ್ಟಳು, ಅಂದಿನಿಂದ ಅದು ನಡೆದುಬಂದಿದೆ ಎಂಬುದು ಭಕ್ತರ ನಂಬಿಕೆ. ಕೆಲವರು ಮನೆಯಲ್ಲಿ ಉಳಿದವರಿಗೆಂದು ಬಾಟಲಿಯಲ್ಲಿ ತುಂಬಿಸಿಕೊಂಡು ಬರುತ್ತಾರೆ. ಮಳೆಗಾಲದಲ್ಲಿ ಗಾಜು ಏರಿಸಿರುವುದರಿಂದ ಶುಂಠಿ, ಕಾಳುಮೆಣಸಿನ ವಾಸನೆ ಮರುದಿನದವರೆಗೂ ಗಾಡಿಯಲ್ಲಿ ಉಳಿದಿರುತ್ತದೆ.

ಅಬ್ಬಾ ಮನೆಗೆ ಬಂದು ಈ ಸುದ್ದಿ ಹೇಳಿದಾಗಲೆಲ್ಲ ನಮ್ಮ ದಾದಿ, ಅದರಲ್ಲಿ ಅರ್ಧ ಸಾಮಾನು ನಮ್ಮ ಜೋಶಾಂದಾದಲ್ಲೂ ಇದೆ ಎನ್ನುತ್ತಾರೆ. (ದಾದಿ ಎಂದರೆ ನಮ್ಮಲ್ಲಿ ಅಪ್ಪನ ತಾಯಿ. ಎಂಟನೇ ತರಗತಿಯಲ್ಲಿ ನನ್ನ ದಾದಿ ಎಂದು ಪ್ರಬಂಧ ಬರೆದಿದ್ದೆ. ಕನ್ನಡ ಟೀಚರ್ ಅದನ್ನು ಓದಿ, ನಿಮ್ಮ ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಯಾಕೆ ನರ್ಸ್ ಇಟ್ಟುಕೊಂಡಿದ್ದೀರಿ ಎಂದು ವಿಚಾರಿಸಿದ್ದರು.) ನಮ್ಮ ದಾದಿ ನರ್ಸ್ ಅಲ್ಲದಿದ್ದರೂ ಕೆಲಸ ಮಾತ್ರ ಅದೇ. ಕೆಮ್ಮಿಗೆ ಜ್ಯೇಷ್ಠಮಧು, ಉಷ್ಣಕ್ಕೆ ಸೋಂಪು, ಹೊಟ್ಟೆನೋವಿಗೆ ಓಮ. ಆದರೆ ಯಾವ ಸೊಪ್ಪನ್ನಾಗಲಿ ಬೇರನ್ನಾಗಲಿ ಅವರು ಹೆಸರು ಗೊತ್ತಿಲ್ಲದೆ ಬಾಯಿಗೆ ಹಾಕುವುದಿಲ್ಲ. ಈ ಗುಣದ ಬೆಲೆ ನನಗೆ ತಿಳಿದದ್ದು ಕಳೆದ ಆಸಾಡಿಯಲ್ಲಿ.

ನನ್ನ ಆಪಾಗೆ ನಿಶ್ಚಿತಾರ್ಥ ಗೊತ್ತಾಗಿತ್ತು. ಮಳೆಗಾಲದಲ್ಲಿ ಅವಳ ಕೆನ್ನೆಯ ಮೇಲೆ ಮೊಡವೆ ಹೆಚ್ಚುತ್ತದೆ. ಅವಳು ಕನ್ನಡಿ ಮುಂದೆ ನಿಂತು ಬೇಸರ ಮಾಡಿಕೊಳ್ಳುವುದನ್ನು ನೋಡಲಾಗದೆ ನಾನು ಮೊಬೈಲ್‌ನಲ್ಲಿ ಬಂದ ಒಂದು ಜಾಹೀರಾತು ನೋಡಿ, ನನ್ನ ಈದಿ ಹಣದಲ್ಲಿ ಒಂದು ಡಿಟಾಕ್ಸ್ ಪುಡಿ ತರಿಸಿಕೊಟ್ಟೆ. ಏಳು ದಿನದಲ್ಲಿ ರಕ್ತ ಶುದ್ಧಿ, ಮುಖ ಹೊಳೆಯುತ್ತದೆ ಎಂದು ಬರೆದಿತ್ತು. ಬೆಳಿಗ್ಗೆ ಬಿಸಿನೀರಿನಲ್ಲಿ ಪುಡಿ, ಇಡೀ ದಿನ ಬರೀ ಹಣ್ಣಿನ ರಸ. ಅನ್ನ, ಮೀನು, ಬೇಳೆ ಯಾವುದೂ ಇಲ್ಲ. ಎರಡನೇ ದಿನದಿಂದ ಭೇದಿ ಶುರುವಾಯಿತು. ಕೊಳೆ ಹೊರಗೆ ಹೋಗುತ್ತಿದೆ, ಒಳ್ಳೆಯ ಲಕ್ಷಣ ಎಂದು ಪೊಟ್ಟಣದ ಮೇಲೆ ಬರೆದಿದ್ದನ್ನು ಅವಳಿಗೆ ಓದಿ ಹೇಳಿದವನೂ ನಾನೇ. ನಾಲ್ಕನೇ ದಿನ ಫಜ್ರ್ ನಮಾಜಿಗೆ ಎದ್ದವಳು ವುಝೂ ಮಾಡುವ ಕಡೆ ಕುಸಿದು ಬಿದ್ದಳು. ಮೈಮೇಲೆ ಕೆಂಪು ದದ್ದುಗಳು ಎದ್ದಿದ್ದವು. ಅಬ್ಬಾ ಅದೇ ಟ್ಯಾಕ್ಸಿಯಲ್ಲಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು.

ಡ್ರಿಪ್ ಹಾಕಿದ ಮೇಲೆ ಡಾಕ್ಟರ್ ನಮ್ಮನ್ನು ಕರೆದು ಕೇಳಿದ್ದು ಒಂದೇ ಪ್ರಶ್ನೆ. ಈ ಪುಡಿಯಲ್ಲಿ ಏನಿದೆ? ನನ್ನ ಬಳಿ ಪೊಟ್ಟಣ ಇತ್ತು. ಅದರ ಮೇಲೆ ಹಸಿರು ಎಲೆಯ ಚಿತ್ರ, ನೂರಕ್ಕೆ ನೂರು ನೈಸರ್ಗಿಕ ಎಂಬ ಮಾತು, ಬೆಲೆ. ಒಳಗೆ ಏನೇನು ಹಾಕಿದ್ದಾರೆ ಎಂಬ ಪಟ್ಟಿ ಇಲ್ಲ, ಪರವಾನಗಿ ಸಂಖ್ಯೆ ಇಲ್ಲ, ತಯಾರಿಸಿದವರ ವಿಳಾಸ ಇಲ್ಲ. ವ್ಯವಹಾರ ಅಧ್ಯಯನದಲ್ಲಿ ಲೇಬಲ್ ಹೇಗಿರಬೇಕು, ಗ್ರಾಹಕನ ಹಕ್ಕುಗಳು ಯಾವುವು ಎಂದು ಕಿರುಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದವನು ನಾನು. ಆ ಹೊತ್ತಿಗೆ ನಾಲಿಗೆ ಹೊರಳಲಿಲ್ಲ.

ಆಪಾ ಎರಡು ದಿನಕ್ಕೆ ಮನೆಗೆ ಬಂದಳು. ನೆರೆಮನೆಯವರು ಬಂದು, ನಿಮ್ಮ ದಾದಿಯ ನಾಟಿ ಮದ್ದಿನಿಂದಲೇ ಹೀಗಾಯಿತಂತೆ ಎಂದರು. ದಾದಿಗೆ ಅದು ಬಹಳ ನೋವಾಯಿತು. ಅವರು ಯಾರ ಮೇಲೂ ಸಿಟ್ಟು ಮಾಡಲಿಲ್ಲ. ತಮ್ಮ ಕಬ್ಬಿಣದ ಪೆಟ್ಟಿಗೆಯಿಂದ ರಟ್ಟು ಕಿತ್ತುಹೋದ ಒಂದು ಹಳೆಯ ಉರ್ದು ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟು, ಮದ್ದು ಕೊಡುವವರು ಹೇಗಿರುತ್ತಾರೆ ಅಂತ ಮೊದಲು ಓದು ಎಂದರು. ಅದು ಹಕೀಮ್ ಅಜ್ಮಲ್ ಖಾನರ ಜೀವನ ಚರಿತ್ರೆ. ನನಗೆ ಉರ್ದು ಮಾತಾಡಲು ಸಲೀಸು, ಓದಲು ನಿಧಾನ. ಒಂದು ತಿಂಗಳು ಹಿಡಿಯಿತು. ಅರ್ಥವಾಗದ ಕಡೆ ದಾದಿಯನ್ನು ಕೇಳಿದೆ, ಉಳಿದದ್ದನ್ನು ಗ್ರಂಥಾಲಯದ ಪುಸ್ತಕಗಳಲ್ಲಿ ಹುಡುಕಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಜ್ಮಲ್ ಖಾನರು ಹುಟ್ಟಿದ್ದು 1868ರ ಫೆಬ್ರವರಿ 11ರಂದು, ದೆಹಲಿಯ ಬಲ್ಲಿಮಾರಾನ್ ಬೀದಿಯ ಷರೀಫ್ ಮಂಜಿಲ್ ಎಂಬ ಮನೆಯಲ್ಲಿ. ಹತ್ತಿರದ ಗಲಿ ಖಾಸಿಂ ಜಾನ್‌ನಲ್ಲಿ ಮಿರ್ಜಾ ಗಾಲಿಬ್ ತಮ್ಮ ಕೊನೆಯ ದಿನಗಳನ್ನು ಕಳೆಯುತ್ತಿದ್ದರು. ಮಗು ಅಜ್ಮಲ್‌ಗೆ ಒಂದು ವರ್ಷ ತುಂಬಿದ ಕೆಲವೇ ದಿನಗಳಲ್ಲಿ ಗಾಲಿಬ್ ತೀರಿಕೊಂಡರು. ಅಜ್ಮಲ್ ಖಾನರದು ತಲೆತಲಾಂತರದಿಂದ ಹಕೀಮರ ಮನೆತನ. ಮುತ್ತಾತಂದಿರು ಮೊಘಲ್ ದರ್ಬಾರಿನ ವೈದ್ಯರಾಗಿದ್ದರು. ಅವರಲ್ಲಿ ಒಬ್ಬರಾದ ಹಕೀಮ್ ಷರೀಫ್ ಖಾನರ ಹೆಸರೇ ಮನೆಗೂ ಮನೆತನಕ್ಕೂ ಬಂದದ್ದು. ತಂದೆ ಹಕೀಮ್ ಮಹಮೂದ್ ಖಾನ್. ಹುಡುಗ ಮೊದಲು ಕುರ್‌ಆನ್ ಕಂಠಪಾಠ ಮಾಡಿ ಹಾಫಿಜ್ ಆದ. ಆಮೇಲೆ ಅರಬ್ಬಿ, ಫಾರ್ಸಿ, ತರ್ಕ; ಆಮೇಲೆ ಮನೆಯ ಹಿರಿಯರ ಪಕ್ಕದಲ್ಲಿ ಕೂತು ನಾಡಿ ನೋಡುವ ಪಾಠ. ಕಾಲೇಜು, ಸರ್ಟಿಫಿಕೇಟು ಇಲ್ಲದ ಓದು ಅದು.

1892ರಲ್ಲಿ ಅವರು ರಾಂಪುರದ ನವಾಬರ ಮುಖ್ಯ ವೈದ್ಯರಾಗಿ ಹೋದರು. ಅಲ್ಲಿನ ಗ್ರಂಥಾಲಯದ ಉಸ್ತುವಾರಿಯೂ ಅವರ ಪಾಲಿಗೆ ಬಂತು. ಹಸ್ತಪ್ರತಿಗಳಿಂದ ತುಂಬಿದ ಆ ಗ್ರಂಥಾಲಯದಲ್ಲಿ ಹತ್ತು ವರ್ಷ ಓದಲು ಸಿಕ್ಕಿತು ಎಂಬುದೇ ನವಾಬರು ಕೊಟ್ಟ ಸಂಬಳಕ್ಕಿಂತ ದೊಡ್ಡದು ಎಂದು ನನಗೆ ಅನಿಸುತ್ತದೆ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಅವರ ಇಬ್ಬರು ಅಣ್ಣಂದಿರೂ ಒಬ್ಬರ ಹಿಂದೆ ಒಬ್ಬರಂತೆ ತೀರಿಕೊಂಡರು. ಹಿರಿಯಣ್ಣ ಅಬ್ದುಲ್ ಮಜೀದ್ ಖಾನರು 1880ರ ದಶಕದಲ್ಲಿ ದೆಹಲಿಯಲ್ಲಿ ಒಂದು ತಿಬ್ಬಿಯಾ ಮದರಸಾ ಕಟ್ಟಿದ್ದರು. ಹಕೀಮಿ ವಿದ್ಯೆ ಅಪ್ಪನಿಂದ ಮಗನಿಗೆ ಗುಟ್ಟಾಗಿ ಹೋಗುವುದು ಬೇಡ, ತರಗತಿಯಲ್ಲಿ ಕೂರಿಸಿ ಯಾರಿಗೆ ಬೇಕಾದರೂ ಕಲಿಸೋಣ ಎಂಬುದು ಅವರ ಉದ್ದೇಶ. ಆ ಮದರಸಾ, ಮನೆಯ ದವಾಖಾನೆ, ಕಾಯುತ್ತಾ ಕೂತ ರೋಗಿಗಳು, ಎಲ್ಲವೂ ತಮ್ಮನ ಹೆಗಲಿಗೆ ಬಂತು.

ಇಲ್ಲಿಂದ ಮುಂದಿನದು ನಮ್ಮ ವಾಣಿಜ್ಯ ವಿಭಾಗದವರು ಗಮನವಿಟ್ಟು ಓದಬೇಕಾದ ಭಾಗ. ಷರೀಫ್ ಮಂಜಿಲ್‌ಗೆ ಬಂದ ರೋಗಿ ರಾಜನಾಗಲಿ ಕೂಲಿಯವನಾಗಲಿ ಹಕೀಮ್ ಸಾಹೇಬರು ಶುಲ್ಕ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಯಾವುದಾದರೂ ರಾಜರೋ ಸಾಹುಕಾರರೋ ಅವರನ್ನು ದೆಹಲಿಯಿಂದ ಹೊರಗೆ ಕರೆಸಿಕೊಂಡರೆ ದಿನಕ್ಕೆ 1000 ರೂಪಾಯಿ ಕೊಡಬೇಕಿತ್ತು. ಆ ಕಾಲದ 1000 ರೂಪಾಯಿ! ನೂರು ವರ್ಷದ ಹಿಂದೆ ಒಬ್ಬ ಶಾಲಾ ಮಾಸ್ತರರ ಎಷ್ಟು ತಿಂಗಳ ಸಂಬಳ ಅದರಲ್ಲಿ ಅಡಗಿತ್ತೋ ಲೆಕ್ಕ ಹಾಕಿ. ಉಳ್ಳವರಿಂದ ಬಂದದ್ದು ಇಲ್ಲದವರ ಖಾತೆಗೆ ಜಮೆ. 1905ರ ಸುಮಾರಿಗೆ ಅವರು ಹಿಂದೂಸ್ತಾನಿ ದವಾಖಾನಾ ಎಂಬ ಔಷಧ ತಯಾರಿಕಾ ಸಂಸ್ಥೆ ತೆರೆದರು. ಸಂತೆಯಲ್ಲಿ ಕಲಬೆರಕೆಯ ಗಿಡಮೂಲಿಕೆ, ಮನಸ್ಸಿಗೆ ಬಂದಂತೆ ಬೆರೆಸಿದ ಪುಡಿ ಮಾರಾಟವಾಗುತ್ತಿದ್ದ ಕಾಲ ಅದು. (ಈಗಲೂ ಅದೇ ಕಾಲ ಎಂದು ನನ್ನ ಅನುಭವ ಹೇಳುತ್ತದೆ, ಸಂತೆ ಮೊಬೈಲ್‌ಗೆ ಬಂದಿದೆ ಅಷ್ಟೇ.) ಯುನಾನಿ ಮತ್ತು ಆಯುರ್ವೇದ ಎರಡರ ಮದ್ದುಗಳನ್ನೂ ಗೊತ್ತಾದ ಪ್ರಮಾಣದಲ್ಲಿ, ಶುದ್ಧವಾಗಿ ಮಾಡಿ ಮಾರುವುದು ದವಾಖಾನೆಯ ಕೆಲಸ. ಅದರ ಆದಾಯವನ್ನು ಅವರು ಮನೆಗೆ ಒಯ್ಯದೆ ಕಾಲೇಜಿಗೆ ಬಿಟ್ಟುಕೊಟ್ಟರು.

1909ರಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಜನಾನಾ ತಿಬ್ಬಿಯಾ ಶಾಲೆ, ಜೊತೆಗೆ ಸೂಲಗಿತ್ತಿಯರ ತರಬೇತಿ ಶುರುಮಾಡಿದರು. ಪರದೆಯ ಒಳಗೆ ಹೆರಿಗೆಯಲ್ಲಿ ಹೆಂಗಸರು ಸಾಯುತ್ತಿದ್ದುದನ್ನು ಕಂಡ ಹಕೀಮರಿಗೆ ಹೊಳೆದ ದಾರಿ ಅದು. ನಮ್ಮ ದಾದಿ ಇದನ್ನು ಎರಡು ಸಲ ಓದಿಸಿದರು.

ಅಷ್ಟರಲ್ಲಿ ಇನ್ನೊಂದು ಅಪಾಯ ಬಂತು. ಪಾಶ್ಚಾತ್ಯ ವೈದ್ಯ ಓದಿದವರಿಗೆ ಮಾತ್ರ ನೋಂದಣಿ ಕೊಡುವ ಕಾನೂನು ತರಲು ಬ್ರಿಟಿಷ್ ಸರ್ಕಾರ ಹೊರಟಿತು. ಅದು ಬಂದರೆ ಹಕೀಮರೂ ವೈದ್ಯರೂ ಒಟ್ಟಿಗೆ ಬೀದಿಗೆ ಬೀಳುತ್ತಿದ್ದರು. ಅಜ್ಮಲ್ ಖಾನರು ಹಕೀಮರನ್ನು ಮಾತ್ರ ಸೇರಿಸಿ ಕೂಗಬಹುದಿತ್ತು. ಅವರು ಹಾಗೆ ಮಾಡದೆ ಆಯುರ್ವೇದದ ಪಂಡಿತರನ್ನೂ ಕರೆದು 1910ರಲ್ಲಿ ಅಖಿಲ ಭಾರತ ವೈದಿಕ ಮತ್ತು ಯುನಾನಿ ತಿಬ್ಬಿ ಸಮ್ಮೇಳನ ಕಟ್ಟಿದರು. ಅವರ ಕಾಲೇಜಿನ ಹೆಸರಿನಲ್ಲೂ ಆಯುರ್ವೇದ ಮತ್ತು ಯುನಾನಿ ಎರಡೂ ಇದೆ. ಒಂದೇ ಕಾಂಪೌಂಡಿನಲ್ಲಿ ಹಕೀಮರಾಗುವವರೂ ವೈದ್ಯರಾಗುವವರೂ ಓದುತ್ತಾರೆ. ಕೊಲ್ಲೂರಿನ ಕಷಾಯದ ವಾಸನೆಯಲ್ಲಿ ನಮ್ಮ ಮನೆಯ ಜೋಶಾಂದಾ ನೆನಪಾಗುವ ನನಗೆ ಅದು ವಿಚಿತ್ರ ಅನಿಸಲಿಲ್ಲ.

1911ರಲ್ಲಿ ಅವರು ಯೂರೋಪಿಗೆ ಹೋದರು. ಅಲ್ಲಿನ ಆಸ್ಪತ್ರೆ, ಕಾಲೇಜು, ಪ್ರಯೋಗಾಲಯಗಳನ್ನು ನೋಡಿ ಬರುವುದು ಉದ್ದೇಶ. ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಆಗ ಡಾ. ಮುಖ್ತಾರ್ ಅಹಮದ್ ಅನ್ಸಾರಿ ಕೆಲಸ ಮಾಡುತ್ತಿದ್ದರು. ಅವರ ಹಿರಿಯ ಶಸ್ತ್ರವೈದ್ಯರ ಪರಿಚಯವಾಗಿ, ಒಬ್ಬ ರೋಗಿಯನ್ನು ಹಕೀಮರೂ ಪರೀಕ್ಷಿಸಿದ ಕತೆ ಅವರ ಎಲ್ಲ ಚರಿತ್ರೆಗಳಲ್ಲೂ ಬರುತ್ತದೆ. ಶಸ್ತ್ರವೈದ್ಯರು ಪಿತ್ತಕೋಶದ ತೊಂದರೆ ಎಂದರಂತೆ, ಹಕೀಮರು ಸಣ್ಣ ಕರುಳಿನ ಆರಂಭದಲ್ಲಿ ಹುಣ್ಣಿದೆ ಎಂದರಂತೆ. ಕೊಯ್ದು ನೋಡಿದಾಗ ಹಕೀಮರ ಮಾತು ಸರಿಯಾಗಿತ್ತು. ನಮ್ಮವರು ಗೆದ್ದರು ಎಂದು ಚಪ್ಪಾಳೆ ತಟ್ಟಲು ಈ ಕತೆಯನ್ನು ಹೇಳುವವರೇ ಹೆಚ್ಚು. ನನಗೆ ಮೆಚ್ಚುಗೆಯಾದದ್ದು ಬೇರೆ. ಗೆದ್ದು ಬಂದ ಹಕೀಮರು ಊರಿಗೆ ಮರಳಿ, ನಮಗೆ ಎಲ್ಲವೂ ಗೊತ್ತಿದೆ ಎಂದು ಸುಮ್ಮನೆ ಕೂರಲಿಲ್ಲ. ತಮ್ಮ ಕಾಲೇಜಿನಲ್ಲಿ ಅಂಗರಚನಾ ಶಾಸ್ತ್ರ, ಶಸ್ತ್ರಚಿಕಿತ್ಸೆಯ ಪಾಠ ಸೇರಿಸಿದರು.

ಕರೋಲ್ ಬಾಗ್‌ನಲ್ಲಿ ತಿಬ್ಬಿಯಾ ಕಾಲೇಜಿಗೆ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅಡಿಗಲ್ಲು ಹಾಕಿದ್ದು 1916ರಲ್ಲಿ. ಕಟ್ಟಡ ಮುಗಿದು ಅದನ್ನು ಉದ್ಘಾಟಿಸಿದ್ದು 1921ರ ಫೆಬ್ರವರಿ 13ರಂದು, ಮಹಾತ್ಮ ಗಾಂಧೀಜಿ. ಅಡಿಗಲ್ಲಿಗೂ ಬಾಗಿಲಿಗೂ ನಡುವಿನ ಈ ಐದು ವರ್ಷದಲ್ಲಿ ದೇಶವೂ ಬದಲಾಗಿತ್ತು, ಹಕೀಮರೂ ಬದಲಾಗಿದ್ದರು. 1908ರಲ್ಲಿ ಸರ್ಕಾರ ಅವರಿಗೆ ಹಾಜಿಕುಲ್ ಮುಲ್ಕ್ ಎಂಬ ಬಿರುದು ಕೊಟ್ಟಿತ್ತು. ಜಲಿಯನ್‌ವಾಲಾ ಬಾಗ್ ಮತ್ತು ಖಿಲಾಫತ್‌ನ ನಂತರ, 1920ರಲ್ಲಿ ಅವರು ಅದನ್ನು ವಾಪಸು ಮಾಡಿದರು. ಆಮೇಲೆ ಜನ ಅವರನ್ನು ಮಸೀಹುಲ್ ಮುಲ್ಕ್, ಅಂದರೆ ನಾಡಿನ ರೋಗ ಗುಣಪಡಿಸುವವನು, ಎಂದು ಕರೆದರು. 1921ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿನ ಅಹಮದಾಬಾದ್ ಅಧಿವೇಶನಕ್ಕೆ ಆಯ್ಕೆಯಾಗಿದ್ದ ಚಿತ್ತರಂಜನ ದಾಸರು ಜೈಲಿನಲ್ಲಿದ್ದಾಗ ಅಧ್ಯಕ್ಷತೆ ವಹಿಸಿದವರು ಹಕೀಮರೇ. ಮುಸ್ಲಿಂ ಲೀಗ್ ಮತ್ತು ಖಿಲಾಫತ್ ಸಮ್ಮೇಳನದ ಅಧ್ಯಕ್ಷ ಪೀಠದಲ್ಲೂ ಅವರು ಕೂತಿದ್ದರು. ರಾಜಕೀಯದ ಈ ಭಾಗ ಇತಿಹಾಸ ಪುಸ್ತಕಗಳಲ್ಲಿ ಇರುವುದರಿಂದ ಉದ್ದ ಮಾಡುವುದಿಲ್ಲ. 1920ರ ಅಕ್ಟೋಬರ್‌ನಲ್ಲಿ ಅಲಿಗಢದಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಹುಟ್ಟಿದಾಗ ಅದರ ಮೊದಲ ಕುಲಾಧಿಪತಿ ಅವರು. ಖಿಲಾಫತ್ ಚಳವಳಿ ಮುಗಿದು ದೇಣಿಗೆ ನಿಂತುಹೋದಾಗ ಜಾಮಿಯಾ ಮುಚ್ಚಿಬಿಡೋಣ ಎಂಬ ಮಾತು ಬಂತು. ಅವರು ಒಪ್ಪಲಿಲ್ಲ. 1925ರಲ್ಲಿ ಅದನ್ನು ದೆಹಲಿಗೆ, ತಮ್ಮ ತಿಬ್ಬಿಯಾ ಕಾಲೇಜಿನ ಹತ್ತಿರಕ್ಕೇ ತಂದು ತಮ್ಮ ಗಳಿಕೆಯಿಂದ ನಡೆಸಿದರು.

ಇನ್ನು ಆಪಾಳ ಮೊಡವೆಗೂ ಹಕೀಮರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು.

ಅಜ್ಮಲ್ ಖಾನರು ಕಲಿತ ಯುನಾನಿಯಲ್ಲಿ ಚಿಕಿತ್ಸೆಗೆ ಒಂದು ಸರದಿ ಇದೆ. ಮೊದಲು ದಿನಚರಿ ಮತ್ತು ಆಹಾರ. ಅದರಿಂದ ಆಗದಿದ್ದರೆ ಒಂದೇ ಮೂಲಿಕೆಯ ಸರಳ ಮದ್ದು. ಅದೂ ಸಾಲದಿದ್ದರೆ ಹಲವು ಬೆರೆಸಿದ ಮದ್ದು. ಶಸ್ತ್ರ ಕೊನೆಯಲ್ಲಿ. ಆಹಾರದಿಂದ ಮಾಡುವುದಕ್ಕೆ ಇಲಾಜ್ ಬಿಲ್ ಗಿಜಾ ಎನ್ನುತ್ತಾರೆ. ಆರೋಗ್ಯಕ್ಕೆ ಬೇಕಾದ ಆರು ಸಂಗತಿಗಳನ್ನು ಇಬ್ನ್ ಸೀನಾ ಕಾಲದಿಂದಲೂ ಎಣಿಸುತ್ತಾರೆ. ಗಾಳಿ, ಅನ್ನ-ನೀರು, ದೇಹದ ದುಡಿಮೆ ಮತ್ತು ವಿಶ್ರಾಂತಿ, ಮನಸ್ಸಿನ ದುಡಿಮೆ ಮತ್ತು ವಿಶ್ರಾಂತಿ, ನಿದ್ದೆ-ಎಚ್ಚರ, ಮೈಯಲ್ಲಿ ಉಳಿಯಬೇಕಾದದ್ದು ಉಳಿದು ಹೋಗಬೇಕಾದದ್ದು ಹೋಗುವುದು. ಋತು ಬದಲಾದರೆ ಗಾಳಿ ಬದಲಾಗುತ್ತದೆ, ಆದ್ದರಿಂದ ಊಟವೂ ಬದಲಾಗಬೇಕು. ಚರ್ಮದ ತೊಂದರೆಗೆ ರಕ್ತ ಶುದ್ಧಿಯ ಮದ್ದುಗಳು ಯುನಾನಿಯಲ್ಲಿ ಖಂಡಿತ ಇವೆ. ಅವಕ್ಕೆ ಮುಸಫ್ಫಿ ಎಂಬ ಹೆಸರು. ಬೇವು, ಕಿರಾತಕಡ್ಡಿ, ಉನ್ನಾಬ್ ಎಂಬ ಬೋರೆಹಣ್ಣಿನ ಜಾತಿ ಅದರಲ್ಲಿ ಬರುತ್ತವೆ. ಭೇದಿ ಮಾಡಿಸುವ ಕ್ರಮವೂ ಇದೆ. ಆದರೆ ಹಕೀಮರು ಮೊದಲು ನಾಡಿ ನೋಡಿ, ಮೂತ್ರ ಪರೀಕ್ಷಿಸಿ, ರೋಗಿಯ ಮಿಜಾಜ್ ಅಂದರೆ ದೇಹಪ್ರಕೃತಿ ತಿಳಿದು, ಕೆಲವು ದಿನ ಮೈಯನ್ನು ಅಣಿಗೊಳಿಸಿ, ಆಮೇಲೆ ಕೊಡುತ್ತಿದ್ದರು. ನಿತ್ರಾಣವಾಗಿರುವವರಿಗೆ ಕೊಡುತ್ತಿರಲಿಲ್ಲ. ಎಲ್ಲರಿಗೂ ಒಂದೇ ಪೊಟ್ಟಣ, ಏಳೇ ದಿನ ಎಂಬುದು ಆ ವಿದ್ಯೆಯಲ್ಲಿ ಇಲ್ಲ.

ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ದ್ರವಗಳ ಲೆಕ್ಕವನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಅದನ್ನು ನಾನು ಮುಚ್ಚಿಡುವುದಿಲ್ಲ. ರಕ್ತವನ್ನು ಶುದ್ಧ ಮಾಡುವ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ರಜೆ ಇಲ್ಲದೆ ಮಾಡುತ್ತವೆ, ಅವಕ್ಕೆ ಬೇಕಾದದ್ದು ನೀರು ಮತ್ತು ಸರಿಯಾದ ಊಟ ಎಂದು ಆಸ್ಪತ್ರೆಯ ಡಾಕ್ಟರ್ ಆಪಾಗೆ ಹೇಳಿದರು. ಮೊಡವೆಗೆ ಸಕ್ಕರೆ, ಮೈದಾ, ಸಿಹಿ ಪಾನೀಯ ಕಡಿಮೆ ಮಾಡಿದರೆ ಹಲವರಿಗೆ ಗುಣ ಕಾಣುತ್ತದೆ, ಬರೀ ಹಣ್ಣಿನ ರಸವೂ ಸಕ್ಕರೆಯೇ ಎಂದರು. ಚರ್ಮ ಕಟ್ಟಿಕೊಳ್ಳಲು ಪ್ರೋಟೀನ್ ಬೇಕು, ಅದನ್ನೇ ನೀವು ನಿಲ್ಲಿಸಿದಿರಿ ಎಂದರು. ಮನೆಗೆ ಬಂದ ಮೇಲೆ ಏನು ತಿನ್ನಿಸಬೇಕು ಎಂದು ಬರೆದುಕೊಟ್ಟ ಚೀಟಿಯನ್ನು ದಾದಿಗೆ ಓದಿ ಹೇಳಿದೆ. ಗಂಜಿ, ಹೆಸರುಕಾಳು, ಸೊಪ್ಪು, ಮಜ್ಜಿಗೆ, ಮೊಟ್ಟೆ ಅಥವಾ ಮೀನು, ಕುದಿಸಿದ ನೀರು. ಇದರಲ್ಲಿ ಹೊಸದೇನಿದೆ ಎಂದು ದಾದಿ ನಕ್ಕರು.

ನಿಜವಾಗಿಯೂ ಹೊಸದಿಲ್ಲ. ನಮ್ಮ ಸೀಮೆಯ ಆಸಾಡಿ ಊಟವೇ ಅದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ತಾಜಾ ಮೀನು ಕಡಿಮೆ. ಅಂಗಳದಲ್ಲಿ ಒಂದೆಲಗ, ಬೇಲಿಯಲ್ಲಿ ಬಸಳೆ, ದಾರಿಬದಿಯಲ್ಲಿ ಚಗಟೆ ಸೊಪ್ಪು, ತೋಟದಲ್ಲಿ ಕೆಸು. ಪಕ್ಕದ ಮನೆಯ ಅಕ್ಕ ಒಂದೆಲಗದ ತಂಬುಳಿ ಮಾಡಿದರೆ ನಮಗೂ ಒಂದು ಬಟ್ಟಲು ಬರುತ್ತದೆ, ಪತ್ರೊಡೆ ಮಾಡಿದ ದಿನವಂತೂ ಆಪಾ ಅವರ ಹಿತ್ತಲ ಬಾಗಿಲಲ್ಲೇ ಇರುತ್ತಾಳೆ. ಬೇಸಿಗೆಯಲ್ಲಿ ಪುನರ್ಪುಳಿ ಶರಬತ್ತು, ಮಳೆಯಲ್ಲಿ ಬಿಸಿ ಗಂಜಿ. ಋತುವಿಗೆ ತಕ್ಕ ಊಟ ಎಂದು ಯಾರೂ ಹೇಳಿಕೊಡದೆಯೇ ಅಡುಗೆ ಮನೆ ನಡೆಯುತ್ತಿತ್ತು.

ಆದರೆ ಇಲ್ಲೂ ಅದೇ ಪ್ರಶ್ನೆ ಕೇಳದಿದ್ದರೆ ಅಪಾಯ. ಆಸಾಡಿ ಅಮಾಸೆಯ ಬೆಳಿಗ್ಗೆ ನಮ್ಮ ಕರಾವಳಿಯಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ಪದ್ಧತಿ ಇದೆ. ಸೂರ್ಯ ಹುಟ್ಟುವ ಮೊದಲು, ಕತ್ತಲಲ್ಲೇ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುತ್ತಾರೆ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದು ಕುಡಿದು ಜೀವಕ್ಕೆ ಅಪಾಯ ತಂದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಕಾಸರಕವೂ ನೂರಕ್ಕೆ ನೂರು ನೈಸರ್ಗಿಕವೇ. ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ.

ಇದರಲ್ಲಿ ಏನಿದೆ ಎಂಬ ಪ್ರಶ್ನೆಯನ್ನು ಹಕೀಮ್ ಸಾಹೇಬರು ತಮ್ಮದೇ ಮದ್ದಿನ ಮೇಲೆ ಕೇಳಿದರು. ಅವರ ಇಡೀ ಬದುಕಿನಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಂಡದ್ದು ಇದು. ನೂರಾರು ವರ್ಷದಿಂದ ಮನೆತನ ನಂಬಿ ಬಂದ ಮೂಲಿಕೆಗಳು, ಅದರಿಂದಲೇ ಬಂದ ಹೆಸರು, ಹಣ. ಪರೀಕ್ಷೆಗೆ ಇಟ್ಟಾಗ ಏನೂ ಇಲ್ಲ ಎಂದು ತಿಳಿದರೆ? ಆ ಭಯ ಅವರಿಗೆ ಇದ್ದಂತೆ ಕಾಣುವುದಿಲ್ಲ. ಕೊನೆಯ ವರ್ಷಗಳಲ್ಲಿ ಅವರು ತಿಬ್ಬಿಯಾ ಕಾಲೇಜಿನಲ್ಲಿ ಸಂಶೋಧನಾ ವಿಭಾಗ ಕಟ್ಟಲು ಹೊರಟರು. ಅದಕ್ಕೆ ಅವರು ಆರಿಸಿದ್ದು ಹಕೀಮರನ್ನಲ್ಲ, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ಸಲೀಮುಜ್ಜಮಾನ್ ಸಿದ್ದಿಕಿ ಎಂಬ ಯುವಕನನ್ನು.

ಸಿದ್ದಿಕಿ 1927ರಲ್ಲಿ ಡಾಕ್ಟರೇಟ್ ಪಡೆದು ದೆಹಲಿಗೆ ಬಂದು ಕೆಲಸ ಶುರುಮಾಡಿದರು. ಫಲ ನೋಡಲು ಹಕೀಮರು ಉಳಿಯಲಿಲ್ಲ. ಬಹಳ ದಿನದಿಂದ ಕಾಡುತ್ತಿದ್ದ ಹೃದಯದ ಕಾಯಿಲೆ ಹೆಚ್ಚಾಗಿ, 1927ರ ಡಿಸೆಂಬರ್ 29ರಂದು ರಾಂಪುರದಲ್ಲಿ ತೀರಿಕೊಂಡರು. ಐವತ್ತೊಂಬತ್ತು ವರ್ಷ. ಲಕ್ಷಾಂತರ ಗಳಿಸಿದವರು, ಹೆಚ್ಚಿನದನ್ನು ಕಾಲೇಜು ಮತ್ತು ಜಾಮಿಯಾಕ್ಕೆ ಹಾಕಿ ಹೋದರು.

ಸಿದ್ದಿಕಿಯವರು ಪರೀಕ್ಷೆಗೆ ತೆಗೆದುಕೊಂಡದ್ದು ಸರ್ಪಗಂಧಿಯ ಬೇರು. ಕನ್ನಡದಲ್ಲಿ ಸೂತ್ರನಾಭಿ ಎಂದೂ ಹೇಳುತ್ತಾರೆ. ಬಿಳಿ-ನಸುಗೆಂಪು ಹೂವಿನ, ಮೊಣಕಾಲೆತ್ತರದ ಗಿಡ. ನಮ್ಮ ಕೊಲ್ಲೂರಿನ ಸುತ್ತಲಿನಂಥ ಘಟ್ಟದ ತಪ್ಪಲಿನ ತೇವದ ನೆರಳಲ್ಲಿ ಬೆಳೆಯುವಂಥದ್ದು. ಹಾವಿನ ಕಡಿತಕ್ಕೆ, ಹುಚ್ಚಿಗೆ, ನಿದ್ದೆ ಬಾರದವರಿಗೆ ಹಳಬರು ಕೊಡುತ್ತಿದ್ದರು. 1931ರಲ್ಲಿ ಸಿದ್ದಿಕಿಯವರು ಆ ಬೇರಿನಿಂದ ಐದು ಕ್ಷಾರಾಭಗಳನ್ನು, ಅಂದರೆ ಆಲ್ಕಲಾಯ್ಡ್‌ಗಳನ್ನು, ಬೇರ್ಪಡಿಸಿದರು. ಮೊದಲನೆಯದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. ಬಿರುದು ವಾಪಸು ಮಾಡಿದವರ ಹೆಸರು ರಸಾಯನಶಾಸ್ತ್ರದ ಪುಸ್ತಕ ಸೇರಿತು. ಹೃದಯದ ಬಡಿತದ ಒಂದು ಅಪರೂಪದ ದೋಷವನ್ನು ಪತ್ತೆಹಚ್ಚಲು ಡಾಕ್ಟರುಗಳು ಇಂದಿಗೂ ಅಜ್ಮಲೀನ್ ಬಳಸುತ್ತಾರೆ. ಹೃದಯದ ಕಾಯಿಲೆಯಿಂದ ಹೋದ ಹಕೀಮರ ಹೆಸರಿನ ವಸ್ತು ಹೃದಯದ ಪರೀಕ್ಷೆಗೇ ಬಂದದ್ದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ. ಮುಂಬೈಯ ಡಾ. ರುಸ್ತುಂ ಜಾಲ್ ವಕೀಲರು 1949ರಲ್ಲಿ ಇದೇ ಬೇರು ರಕ್ತದೊತ್ತಡಕ್ಕೆ ಒಳ್ಳೆಯದೆಂದು ಬ್ರಿಟನ್ನಿನ ಹೃದಯ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಮೇಲೆ ಇಡೀ ಜಗತ್ತು ಅದರ ಹಿಂದೆ ಬಿತ್ತು. ಕಾಡಿನಿಂದ ಎಷ್ಟು ಕಿತ್ತರೆಂದರೆ ಈಗ ಅದರ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿದೆ. ಬೇರು ಮನಸ್ಸಿಗೆ ಬಂದಷ್ಟು ತಿಂದರೆ ರಕ್ತದೊತ್ತಡ ಅಪಾಯಕ್ಕೆ ಇಳಿಯುತ್ತದೆ ಎಂಬುದೂ ಪರೀಕ್ಷೆಯಿಂದಲೇ ತಿಳಿದದ್ದು.

ಅವರ ಹುಟ್ಟುಹಬ್ಬವನ್ನು ಈಗ ಯುನಾನಿ ದಿನವಾಗಿ ಆಚರಿಸುತ್ತಾರೆ. ನಮ್ಮ ರಾಜ್ಯದಲ್ಲೂ ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ ಇದೆ. ವಿಜ್ಞಾನ ವಿಭಾಗದ ಗೆಳೆಯರಲ್ಲಿ ಯಾರಿಗಾದರೂ ಆಸಕ್ತಿ ಇದ್ದರೆ ಯೋಚಿಸಬಹುದು. ವಾಣಿಜ್ಯದವನಾದ ನನಗೆ ಆ ದಾರಿ ಇಲ್ಲ. ಪುಡಿಯ ಪೊಟ್ಟಣದ ಫೋಟೋ ತೆಗೆದು, ಹಣ ಕಟ್ಟಿದ ವಿವರ ಸೇರಿಸಿ, ಗ್ರಾಹಕ ಸಹಾಯವಾಣಿಗೆ ದೂರು ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಆಪಾಳ ನಿಶ್ಚಿತಾರ್ಥ ಒಂದು ತಿಂಗಳು ಮುಂದೆ ಹೋಯಿತು. ಅವಳ ಕೆನ್ನೆಯ ಮೇಲೆ ಎರಡು ಮೂರು ಮೊಡವೆ ಈಗಲೂ ಇವೆ. ಗಂಡಿನ ಕಡೆಯವರು ಅದನ್ನು ನೋಡಿದರೋ ಇಲ್ಲವೋ, ಯಾರೂ ಮಾತೆತ್ತಲಿಲ್ಲ. ನನ್ನ ಮೇಲೆ ಅವಳಿಗೆ ಸಿಟ್ಟು ಇಳಿದಿದೆ, ಆದರೆ ನಾನು ಚಹಾ ಮಾಡಿಕೊಟ್ಟರೂ ಇದರಲ್ಲಿ ಏನು ಹಾಕಿದ್ದೀ ಎಂದು ಕೇಳುವುದನ್ನು ಬಿಟ್ಟಿಲ್ಲ.

ಹೋದ ವಾರ ಅಬ್ಬಾ ರಾತ್ರಿ ಹನ್ನೊಂದು ಗಂಟೆಗೆ ಕೊಲ್ಲೂರಿನಿಂದ ಬಂದರು. ಯಾರದೋ ಮಗು ಹಿಂದಿನ ಸೀಟಿನಲ್ಲಿ ಕಷಾಯದ ಬಾಟಲಿ ಚೆಲ್ಲಿಬಿಟ್ಟಿತ್ತು. ಬೆಳಿಗ್ಗೆ ನಾನು ಒರೆಸಲು ಹೋದಾಗ ದಾದಿ ಕೋಲೂರಿಕೊಂಡು ಹಿಂದೆಯೇ ಬಂದರು. ಗಾಡಿಯ ಬಾಗಿಲಿಗೆ ಬಗ್ಗಿ, ಕಣ್ಣು ಮುಚ್ಚಿ, ಮೂಗೆಳೆದು, ಬೆರಳು ಮಡಿಚುತ್ತಾ ಎಣಿಸಿದರು. ಸೋಂಠ್, ಕಾಲಿ ಮಿರ್ಚ್, ಇಲಾಯ್ಚಿ, ಗುಡ್. ಇನ್ನೊಂದು ಏನೋ ಇದೆ, ಗೊತ್ತಾಗುತ್ತಿಲ್ಲ ಎಂದು ಮತ್ತೊಮ್ಮೆ ಮೂಸಿ ನೋಡಿದರು. ಕೊನೆಗೆ, ಮುಂದಿನ ಸಲ ಕೊಲ್ಲೂರಿಗೆ ಹೋದಾಗ ಯಾರನ್ನಾದರೂ ಕೇಳಿಕೊಂಡು ಬರಲು ನಿನ್ನ ಅಬ್ಬಾನಿಗೆ ಹೇಳು ಎಂದು ಒಳಗೆ ಹೋದರು.